ಬಾಯಿ ಮುಕ್ಕಳಿಸುವ ಗಿಂಡಿ

ನಮ್ಮ ವಿಜ್ಞಾನದ ಮಾಸ್ಟ್ರ ತುಟಿಯ ಎರಡೂ ಕೊನೆಯಲ್ಲಿ ಎಲೆಯಡಿಕೆಯ ರಸ ಯಾವಾಗಲೂ ಒಣಗಿ ಅಂಟಿರುತ್ತಿತ್ತು. ಮಾತಾಡಿದರೆ ಮುಂದಿನ ಬೆಂಚಿನವರ ಪುಸ್ತಕದ ಮೇಲೆ ಸಿಡಿಯುತ್ತಿತ್ತು. ಆ ಬೆಂಚು ನನ್ನದು. ಅವರ ಬಲಗಣ್ಣಿನಲ್ಲಿ ಬಿಳಿ ಪೊರೆ. ಅದನ್ನು ನೋಡಬಾರದೆಂದು ದೃಷ್ಟಿ ತಗ್ಗಿಸಿದರೆ ಬಾಯಿ ಕಾಣುತ್ತಿತ್ತು. ಪಾಠ ಮುಗಿದೊಡನೆ ಕಿಟಕಿಯಾಚೆ ಪಿಚಕ್ಕನೆ ಉಗುಳಿ, ಮೇಜಿನ ಕೆಳಗಿಟ್ಟ ಹಿತ್ತಾಳೆಯ ಗಿಂಡಿಯಿಂದ ಬಾಯಿ ಮುಕ್ಕಳಿಸುತ್ತಿದ್ದರು. ಗಿಂಡಿಯ ಮೂತಿಗೂ ಕೆಂಪು ಹತ್ತಿತ್ತು. ಥೂ! ಅಜ್ಜಾವರದಿಂದ ಸುಳ್ಯಕ್ಕೆ ನಡೆದು ಬರುವುದು ಇದನ್ನು ನೋಡಲಿಕ್ಕೋ ಎನಿಸುತ್ತಿತ್ತು.

ಅರುವತ್ತರ ದಶಕದ ನಮ್ಮ ಹೈಸ್ಕೂಲಿನಲ್ಲಿ ಲಿಟ್ಮಸ್ ಕಾಗದ ಇರಲಿಲ್ಲ. ಇದ್ದದ್ದು ಅವರ ಬಾಯಿ. ಆಮ್ಲ, ಪ್ರತ್ಯಾಮ್ಲದ ಪಾಠದ ದಿನ ಜಗಿದದ್ದನ್ನು ಪಿಂಗಾಣಿ ಬಸಿಗೆ ಉಗುಳಿದರು. "ಇದನ್ನು ಕೆಂಪು ಮಾಡಿದ್ದು ಎಂತ? ಸುಣ್ಣ. ಸುಣ್ಣ ಪ್ರತ್ಯಾಮ್ಲ. ಈಗ ನೋಡಿ ಮಾರಾಯ್ರೆ" ಎಂದು ಅಂಗಳದ ಮರದ ಹುಳಿ ಹುಳಿ ಬಿಂಬುಳಿ ಕಾಯಿ ಹಿಂಡಿದರು. ಕೆಂಪು ಕಂದಿ ಮಾಸಲು ಹಳದಿಯಾಯಿತು. ಉಳಿದವರೆಲ್ಲ ಬಾಯಿ ಬಿಟ್ಟು ನೋಡಿದರು, ನಾನು ಬಾಯಿ ಮುಚ್ಚಿಕೊಂಡೆ. ಪುಸ್ತಕದಲ್ಲಿಲ್ಲದ ಪಿಎಚ್ ಗೆರೆಯನ್ನೂ ಹಲಗೆಯ ಮೇಲೆ ಎಳೆದರು: ಸೊನ್ನೆಯ ಕಡೆ ಹುಳಿ, ಹದಿನಾಲ್ಕರ ಕಡೆ ಸುಣ್ಣ. "ನಡುವೆ ಏಳು ಉಂಟಲ್ಲ, ಅದು ನೀರು. ಎಂತ ಮರೆತರೂ ಏಳು ಮರೀಬೇಡಿ."

ವಾರ್ಷಿಕೋತ್ಸವಕ್ಕೆ ನಾವೇ ಶಾಲೆಯ ಗೋಡೆಗೆ ಸುಣ್ಣ ಬಳಿಯುತ್ತಿದ್ದಾಗ ಅದು ಸಿಡಿದು ನನ್ನ ಎಡಗಣ್ಣಿಗೆ ಬಿತ್ತು. ಕಣ್ಣಿಗೆ ಕೆಂಡ ಇಟ್ಟ ಹಾಗಾಯಿತು. ಪಕ್ಕದಲ್ಲಿ ಬಳಿಯುತ್ತಿದ್ದ ಆಲೆಟ್ಟಿ ಊರಿನ ಗೆಳತಿಗೆ ಪಾಠ ಚೆನ್ನಾಗಿ ನೆನಪಿತ್ತು. ಅಂಗಳದ ಮರದಿಂದ ಬಿಂಬುಳಿ ಕಿತ್ತು ತಂದು, "ಸುಣ್ಣಕ್ಕೆ ಹುಳಿ ಹಿಂಡಿದ್ರೆ ಸರಿಯಾಗ್ತದೆ, ಕಣ್ಣು ಬಿಡು" ಎಂದಳು. ನಾನೂ ನಂಬಿ ಮುಖ ಒಡ್ಡಿದೆ.

ಮಾಸ್ಟ್ರು ಗಿಂಡಿ ಹಿಡಿದು ಓಡಿ ಬಂದು ಅವಳ ಕೈಗೆ ಹೊಡೆದು ಕಾಯಿ ಬೀಳಿಸಿದರು. ನನ್ನ ತಲೆ ಬಗ್ಗಿಸಿ, ಕಲೆಗಟ್ಟಿದ ಬೆರಳುಗಳಿಂದ ರೆಪ್ಪೆ ಅಗಲಿಸಿ, ಗಿಂಡಿಯ ನೀರು ಸುರಿದರು. ಅದೇ ಎಂಜಲು ಗಿಂಡಿ! ಆ ಬಾಯಿಯ ನಾತ ಮೂಗಿಗೆ ನುಗ್ಗಿತು. ಉರಿಗಿಂತ ಹೇಸಿಗೆಯೇ ಹೆಚ್ಚಾಗಿ ಅವರ ಪಂಚೆಯ ಮೇಲೆ ವಾಂತಿ ಮಾಡಿದೆ. ಅವರು ಬಿಡಲಿಲ್ಲ. "ಬಾವಿಯಿಂದ ತನ್ನಿ, ಇನ್ನೂ ತನ್ನಿ!" ಎಂದು ಕೂಗುತ್ತ ಕೊಡಗಟ್ಟಲೆ ನೀರು ಹೊಯ್ದರು.

ಉರಿ ಇಳಿದ ಮೇಲೆ ಗೆಳತಿ ಅಳುತ್ತ, "ನೀವೇ ಹೇಳಿದ್ದಲ್ವಾ ಮಾಸ್ಟ್ರೇ?" ಎಂದಳು.

"ಬಸಿಯಲ್ಲಿ ಮಾಡುದನ್ನು ಕಣ್ಣಲ್ಲಿ ಮಾಡುದಲ್ಲ ಮಾರಾಯ್ತಿ." ಆಮೇಲೆ ತಮ್ಮ ಬಿಳಿ ಕಣ್ಣನ್ನು ಮುಟ್ಟಿಕೊಂಡರು. "ಸಣ್ಣದಿರುವಾಗ ನನಗೂ ಹೀಗೇ ಸುಣ್ಣ ಬಿದ್ದದ್ದು. ಮನೆಯವರು ಹುಳಿ ಹಿಂಡಿದ್ರು. ನೀರು ಹಾಕ್ಲಿಕ್ಕೆ ಯಾರಿಗೂ ಗೊತ್ತಿರ್ಲಿಲ್ಲ."

ನನ್ನ ಕಣ್ಣು ಉಳಿಯಿತು. ಹೇಸಿಗೆಯೂ ಉಳಿಯಿತು, ಎಲೆಯಡಿಕೆ ಉಗುಳುವವರನ್ನು ಕಂಡರೆ ಇಂದಿಗೂ ಮುಖ ತಿರುಗಿಸುತ್ತೇನೆ. ಮಾಸ್ಟ್ರ ಕೊನೆಯ ಗಳಿಗೆಯಲ್ಲಿ ಅವರ ಮನೆಗೆ ಹೋದಾಗಲೂ ಆ ಹೇಸಿಗೆ ಹೋಗಿರಲಿಲ್ಲ. ಹಲ್ಲಿಲ್ಲದ ಬಾಯಿ ತೆರೆದಿತ್ತು, ಒಳಗೆಲ್ಲ ಕೆಂಪು ಕಲೆ. ಅವರ ಹೆಂಡತಿ ಗಿಂಡಿಯನ್ನು ನನ್ನ ಕೈಗೆ ಕೊಟ್ಟು, "ನೀನೂ ಬಾಯಿಗೆ ನೀರು ಬಿಡು ಮಗಾ" ಎಂದರು. ಅದೇ ಗಿಂಡಿ. ಮೂತಿ ಒರೆಸಲಿಲ್ಲ. ಎರಡೂ ಕಣ್ಣು ತೆರೆದು, ಆ ಬಾಯಿಯನ್ನೇ ನೋಡುತ್ತ ನೀರು ಬಿಟ್ಟೆ.