ನಮ್ಮ ಸ್ಕೂಟರಿನ ಹೊಗೆ

ನನ್ನ ಹಳೇ ಸ್ಕೂಟರು ಹೊಗೆ ತಪಾಸಣೆಯಲ್ಲಿ ನಪಾಸಾದದ್ದನ್ನು ನಿಮಗಲ್ಲದೆ ಯಾರಿಗೂ ಹೇಳಿಲ್ಲ. ಹೇಳುವ ಅಗತ್ಯವೂ ಇರಲಿಲ್ಲವೆನ್ನಿ. ದೇಶಪಾಂಡೆ ನಗರದ ನಮ್ಮ ಓಣಿಗೆಲ್ಲ ಆ ಹೊಗೆಯೇ ಸುದ್ದಿ ಮುಟ್ಟಿಸಿತ್ತು.

ಗುಡ್ಡದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎನ್ನುತ್ತಾರೆ ತರ್ಕಶಾಸ್ತ್ರದವರು. ಅವರು ನನ್ನ ಸ್ಕೂಟರು ನೋಡಿಲ್ಲ. ಮುಂಜಾನೆ ಒದ್ದೂ ಒದ್ದೂ ಕಾಲು ಸೋತರೂ ಇದಕ್ಕೆ ಬೆಂಕಿ ಹತ್ತುವುದಿಲ್ಲ, ಹೊಗೆ ಮಾತ್ರ ಧಾರಾಳ.

ಎಮಿಷನ್ ಸರ್ಟಿಫಿಕೇಟ್ ಸಿಗದಿದ್ದರೆ ಗಾಡಿ ಗುಜರಿಗೆ ಎಂದು ಹೆಂಡತಿ ಸುಧಾ ತೀರ್ಪು ಕೊಟ್ಟಿದ್ದಳು. ನನಗೆ ಚಿಂತೆಯಾದದ್ದು ಅವ್ವನದು. ಶನಿವಾರ ಅವಳು ಹನುಮಪ್ಪನ ಗುಡಿಗೆ ಹೋಗುವುದು ಇದರ ಹಿಂದಿನ ಸೀಟಿನಲ್ಲೇ. ಆಟೋ ಹತ್ತಿದರೆ ತಲೆಸುತ್ತು, ಕಾರಿನಲ್ಲಿ ವಾಂತಿ. ಸ್ಕೂಟರು ಹೋದರೆ ಅವಳ ಹನುಮಪ್ಪನೂ ಹೋದಂತೆ.

ಹಾಗಾಗಿ ರೋಗ ಪತ್ತೆಗೆ ಇಳಿದೆ. ಮೆಕ್ಯಾನಿಕ್ ಕಾರ್ಬ್ಯುರೇಟರ್ ತೊಳೆದ, ಪ್ಲಗ್ ಬದಲಿಸಿದ, ಕೊನೆಗೆ "ವಯಸ್ಸಾಗೇತ್ರಿ ಸರ" ಎಂದು ನನ್ನ ಮುಖ ನೋಡಿದ. ಗಾಡಿಯ ಬಗ್ಗೆಯೇ ಹೇಳಿದನೆಂದು ನಂಬಿದ್ದೇನೆ. ಬೈರಿದೇವರಕೊಪ್ಪದ ಕಾಕಾ, ಗಾಡಿಗೆ ಶನಿಯ ಸಾಡೇಸಾತಿ ಹಿಡಿದಿದೆ ಎಂದರು. ನಾನೂ ಸೈಲೆನ್ಸರಿನೊಳಗೆ ಇಣುಕಿ, ಮೂಗಿಗೆ ಮಸಿ ಹಚ್ಚಿಕೊಂಡು ಇಡೀ ದಿನ ಆಫೀಸಿನಲ್ಲಿ ಕೂತು ಬಂದೆ. ಒಬ್ಬರೂ ಹೇಳಲಿಲ್ಲ.

ಕಡೆಗೆ ರೋಗ ಪತ್ತೆ ಹಚ್ಚಿದ್ದು ಸುಧಾಳ ಮೂಗು. ನಾನು ಅಂಗಳದಲ್ಲಿ ಗಾಡಿ ಚಾಲೂ ಮಾಡಿದ್ದೆ. ಒಗ್ಗರಣೆ ಬಿಟ್ಟು ಹೊರಗೆ ಬಂದಳು.

"ಇದು ಬರೇ ಪೆಟ್ರೋಲಿನ ಹೊಗಿ ಅಲ್ಲರಿ. ಮಿರ್ಚಿ ಭಜಿ ಕರದಂಗ ವಾಸನಿ ಬರಾಕತ್ತೇತಿ. ಶೇಂಗಾ ಎಣ್ಣಿ ಐತಿ ಇದರಾಗ."

ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತಿದ್ದ ಅವ್ವ ತಲೆ ಎತ್ತಲಿಲ್ಲ. "ನಾನ ಹಾಕೇನಿ. ಹನುಮಪ್ಪಗ ಹಾಕಿ ಉಳದದ್ದು. ಗಾಡಿಗೂ ಎಣ್ಣಿ ಬೇಕಂತ ನೀನ ಅಂದಿದ್ಯಲ್ಲಾ."

ಅಂದದ್ದು ಹೌದು. ಈ ಜಾತಿಯ ಸ್ಕೂಟರಿಗೆ ಪೆಟ್ರೋಲಿನ ಜೊತೆ ಒಂದಿಷ್ಟು ಆಯಿಲ್ ಕೂಡಿಸಬೇಕು. ಅದನ್ನು ನಾನು ಬಂಕಿನಲ್ಲೇ ಹಾಕಿಸುತ್ತಿದ್ದೆ. ಅದರ ಮೇಲೆ, ಗುಡಿ ಮುಂದೆ ನಾನು ಚಪ್ಪಲಿ ಹುಡುಕುವ ಹೊತ್ತಿನಲ್ಲಿ, ಅವ್ವನ ಬಟ್ಟಲೂ ಟ್ಯಾಂಕಿಗೆ ಬಗ್ಗುತ್ತಿತ್ತು.

"ಅದಕ್ಕ ಹೊಗಿ ಬರ್ತೈತಬೇ" ಎಂದೆ.

"ಹನುಮಪ್ಪಗ ಊರೆಲ್ಲಾ ಎಣ್ಣಿ ಹಾಕ್ತೈತಿ. ಅವಾ ಎಂದಾರ ಹೊಗಿ ಬಿಟ್ಟಾನೇನು?"

ಟ್ಯಾಂಕು ಬರಿದು ಮಾಡಿ ಹೊಸ ಪೆಟ್ರೋಲು ಹಾಕಿಸಿದೆ. ಗಾಡಿ ಪಾಸಾಯಿತು. ಅವ್ವನೂ ರಾಜಿಗೆ ಬಂದಳು: ಈಗ ಉಳಿದ ಎಣ್ಣೆಯನ್ನು ಹ್ಯಾಂಡಲಿಗೆ ಸವರುತ್ತಾಳೆ. ಬ್ರೇಕ್ ಹಿಡಿದರೆ ಕೈ ಜಾರುತ್ತದೆ. ಬೇಡವೆಂದರೆ, "ನೀ ಛಲೋತ್ನಾಗಿ ಮನಿ ಮುಟ್ಟಲೆಪ್ಪಾ ಅಂತನ ಹಚ್ಚೇನಿ" ಎನ್ನುತ್ತಾಳೆ. ನಾನು ಮೆಲ್ಲಗೆ ಓಡಿಸುತ್ತೇನೆ.

ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೋ ಇಲ್ಲವೋ, ತರ್ಕಶಾಸ್ತ್ರದವರೇ ನೋಡಿಕೊಳ್ಳಲಿ. ನಮ್ಮಲ್ಲಿ ಅವ್ವ ಇರುತ್ತಾಳೆ.