ಸೆರಗಿನ ತುದಿಯ ಬೀಗದ ಕೈ

ಸಿಂಧು, ಅವತ್ತು ಆಸ್ಪತ್ರೆಯ ವರಾಂಡದಲ್ಲಿ ನೀನು ಹೇಳಿದ್ದು ನಿಜ. ಸುಳ್ಳು ಹೇಳಿದವಳು ನಾನು. ನಿನಗಾಗ ಎಂಟು ವರ್ಷ, ನನಗೆ ನಲವತ್ತೆರಡು — ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಮೂರನೆಯ ತರಗತಿಗೆ ಪಾಠ ಹೇಳುತ್ತಿದ್ದೆ. ನಿನ್ನ ವಯಸ್ಸಿನ ಮಕ್ಕಳಿಗೆ ನಿಜ ಹೇಳಬೇಕೆಂದು ಕಲಿಸುವುದು ನನ್ನ ಕೆಲಸವಾಗಿತ್ತು. ಇಪ್ಪತ್ತಮೂರು ವರ್ಷ ಕಳೆದಿವೆ. ಇಷ್ಟನ್ನು ಹೇಳಲು ಇಷ್ಟು ದಿನ ಯಾಕೆ ಬೇಕಾಯಿತು ಎಂದು ಕೇಳಿದರೆ — ಗೊತ್ತಿಲ್ಲ. ಬರೆಯುತ್ತಾ ಗೊತ್ತಾದರೆ ಬರೆಯುತ್ತೇನೆ.

ಬುಧವಾರ ಬೆಳಿಗ್ಗೆ ನೀನು ಬಸವನಗುಡಿಯಿಂದ ಫೋನು ಮಾಡಿದೆ. ಮಗಳು ಇಳಾಳನ್ನೂ ಕರೆದುಕೊಂಡು ಭಾನುವಾರ ಮನೆದೇವರಿಗೆ ಹೊರಟಿದ್ದೇವೆ, ವ್ಯಾನು ಗೊತ್ತುಮಾಡಿ ಆಗಿದೆ, ನಾನೂ ಬರಲೇಬೇಕು ಎಂದೆ. "ಆರು ಗಂಟೆ ದಾರಿ ಅತ್ತೆ. ಇಳಾಗೆ ಮೊಬೈಲ್ ಕೊಡಲ್ಲ ಅಂತ ತೀರ್ಮಾನ ಮಾಡ್ಬಿಟ್ಟಿದೀನಿ. ನೀವಿದ್ರೆ ನಂಗೆ ಧೈರ್ಯ. ನಾವು ಚಿಕ್ಕೋರಿದ್ದಾಗ ಏನೇನೋ ಆಟ ಆಡಿಸ್ತಿದ್ರಲ್ಲ — ಗಾಡಿ ನಂಬರ್ ಕೂಡಿಸೋದು, ಹಸು ಎಣಿಸೋದು, ಊರಿನ ಹೆಸರಿಗೆ ಹಾಡು ಕಟ್ಟೋದು..." ಒಂದೊಂದಾಗಿ ಹೇಳುತ್ತಾ ಹೋದೆ. ನಾನು ಕಾಯುತ್ತಿದ್ದೆ. ಒಂದೇ ಒಂದು ಆಟದ ಹೆಸರು ಬರಲಿಲ್ಲ. ಬೀಗದ ಆಟ. ಅದು ನಿನಗೆ ಮರೆತೇ ಹೋಗಿದೆಯೋ, ನೆನಪಿದ್ದೂ ಬಿಟ್ಟೆಯೋ — ಆ ಯೋಚನೆಯಲ್ಲಿ ಅವತ್ತು ಹುಳಿಗೆ ಎರಡು ಸಲ ಉಪ್ಪು ಹಾಕಿದೆ.

ಇದನ್ನು ನೀನೊಬ್ಬಳೇ ಕೇಳುವುದಿಲ್ಲ. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತಿದ್ದೇನೆ. ಬೇಸರಪಡಬೇಡ.

ನಮ್ಮ ಮನೆಯಲ್ಲಿ ದೂರದ ಪ್ರಯಾಣವೆಂದರೆ ಮಕ್ಕಳನ್ನು ನನ್ನ ಮಡಿಲಿಗೆ ಹಾಕಿ ಉಳಿದವರು ನಿಶ್ಚಿಂತರಾಗುವುದು. ಮದುವೆಯಾಗದ ಅತ್ತೆ, ಅದೂ ಟೀಚರು — ಇನ್ನೇನು ಬೇಕು? "ಮಕ್ಕಳನ್ನ ಸಂಭಾಳಿಸೋದ್ರಲ್ಲಿ ನಮ್ಮ ಲಲಿತಂದು ಎತ್ತಿದ ಕೈ" ಎಂದು ನಿನ್ನಪ್ಪ, ಅಂದರೆ ನನ್ನಣ್ಣ, ಬಂದವರ ಮುಂದೆಲ್ಲ ಹೇಳುತ್ತಿದ್ದ. ಆ ಹೊಗಳಿಕೆ ನನಗೆ ಬೇಕಾಗಿತ್ತು. ಸುಮ್ಮನೆ ಯಾಕೆ ಮುಚ್ಚಿಡಲಿ, ಅದಿಲ್ಲದಿದ್ದರೆ ಆ ಮನೆಯಲ್ಲಿ ನನ್ನ ಜಾಗ ಯಾವುದು ಎಂಬುದೇ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಹಾಗೆ ಹತ್ತಾರು ಆಟ ಹುಟ್ಟಿಕೊಂಡವು. ಎಲ್ಲದರಲ್ಲೂ ಗದ್ದಲವಿತ್ತು, ಬೀಗದ ಆಟವೊಂದನ್ನು ಬಿಟ್ಟು.

ಆ ಆಟದಲ್ಲಿ ನೀನೂ ನಿನ್ನ ತಮ್ಮನೂ ಕೈಕಟ್ಟಿ ಕೂರಬೇಕು. ತುಟಿಗೆ ಬೀಗ ಜಡಿದಂತೆ ಬೆರಳು ತಿರುಗಿಸಿ, ಕಣ್ಣಿಗೆ ಕಾಣದ ಆ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಡಬೇಕು. ನಾನದನ್ನು ಸೆರಗಿನ ತುದಿಗೆ ನಿಜವಾಗಿಯೇ ಗಂಟುಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದೆ. ನಾನು ಹೇಳಿದ ಊರು ಬರುವ ತನಕ ಮಾತಿಲ್ಲ, ಸನ್ನೆಯೂ ಇಲ್ಲ. ತಡೆಯಲಾಗದಿದ್ದರೆ ಸೆರಗು ಎಳೆಯಬಹುದು, ಗಂಟು ಬಿಚ್ಚಿ ಬೀಗ ತೆಗೆಯುತ್ತೇನೆ — ಆದರೆ ಎಳೆದವರು ಸೋತಂತೆ. ಗೆದ್ದರೆ ನಿನಗೆ ದೇವಸ್ಥಾನದ ಬೀದಿಯಲ್ಲಿ ಒಂದು ಡಜನ್ ಗಾಜಿನ ಬಳೆ, ನಿನ್ನ ತಮ್ಮನಿಗೆ ಬುಗುರಿ.

ನಿನ್ನಮ್ಮನಿಗೆ ಈ ಆಟ ಕಂಡರಾಗುತ್ತಿರಲಿಲ್ಲ. "ಮಕ್ಕಳ ಬಾಯಿ ಕಟ್ಟಿಹಾಕ್ಬೇಡ ಲಲಿತಾ. ಹೊಟ್ಟೆನೋವು ಬಂದ್ರೂ ಹೇಳಲ್ಲ ಅವು" ಎಂದು ಅತ್ತಿಗೆ ಒಮ್ಮೆ ಕಡ್ಡಿ ತುಂಡುಮಾಡಿದಂತೆ ಹೇಳಿದ್ದರು. ಆಯಿತು ಅತ್ತಿಗೆ ಎಂದೆ, ಅವರು ನಂಬಿದರು. ಆಮೇಲೆ ಗುಟ್ಟಾಗಿ ಆಡಿಸಿದೆ. ಅಮ್ಮನಿಗೆ ಹೇಳಬಾರದು ಎಂಬುದೂ ಆಟದ ಒಂದು ನಿಯಮವಾಯಿತು.

ಆ ವರ್ಷ ಮನೆದೇವರಿಗೆ ಎರಡು ಗಾಡಿಯಲ್ಲಿ ಹೊರಟಿದ್ದೆವು. ಮುಂದೆ ನಿನ್ನಪ್ಪನ ಕಾರು, ಹಿಂದೆ ನಾವಿದ್ದ ವ್ಯಾನು. ನನ್ನಪ್ಪ, ನಿನ್ನ ತಾತ, ಬೆಂಗಳೂರಿನಿಂದ ವ್ಯಾನಿನಲ್ಲೇ ಬಂದರು. ಮುಂದಿನ ಸೀಟಿನಲ್ಲಿ ಕೂತು ಡ್ರೈವರಿಗೆ ದಾರಿಯುದ್ದಕ್ಕೂ ಬುದ್ಧಿ ಹೇಳುತ್ತಿದ್ದರು. ಚನ್ನರಾಯಪಟ್ಟಣ ದಾಟಿ ರಸ್ತೆಬದಿಯ ಹೋಟೆಲೊಂದರ ಮುಂದೆ ತಿಂಡಿಗೆ ನಿಂತೆವು. ತಿಂಡಿಯಾದ ಮೇಲೆ ಅಪ್ಪ ನನ್ನ ಹತ್ತಿರ ಬಂದು, "ಇಲ್ಲಿಂದ ಕಾರಲ್ಲಿ ಬರ್ತೀನಿ ಕಣಮ್ಮ, ಕಾಲು ಚಾಚ್ಕೋಬೋದು" ಎಂದರು. ಸರಿ ಎಂದೆ. ಅಣ್ಣನಿಗೆ ಹೇಳಬೇಕಿತ್ತು, ಹೇಳಲಿಲ್ಲ. ಅಪ್ಪ ಟವೆಲು ಹೆಗಲಿಗೆ ಹಾಕಿಕೊಂಡು ಮುಖ ತೊಳೆಯಲು ಹೋಟೆಲಿನ ಹಿಂದಕ್ಕೆ ಹೋದರು. ತಾತ ಎಂದಿನಂತೆ ವ್ಯಾನಿನಲ್ಲಿದ್ದಾರೆಂದು ತಿಳಿದು ಕಾರಿನವರು ಹೊರಟರು. ಅವರು ಕಾರಿನಲ್ಲಿದ್ದಾರೆಂದು ತಿಳಿದು ನಾವು ಹೊರಟೆವು.

ವ್ಯಾನಿನ ಕೊನೆಯ ಸೀಟಿನಲ್ಲಿ ನಾವು ಮೂವರು. ನಿನ್ನ ತಮ್ಮ ನನ್ನ ತೊಡೆಯ ಮೇಲೆ ನಿದ್ದೆಹೋಗಿದ್ದ, ನೀನು ಮಂಡಿಯೂರಿ ಹಿಂದಿನ ಗಾಜಿಗೆ ಮುಖ ಮಾಡಿದ್ದೆ. ವ್ಯಾನು ಹತ್ತುತ್ತಿದ್ದಂತೆಯೇ ಹಾಸನದವರೆಗೆ ನಿನ್ನ ಬಾಯಿಗೆ ಬೀಗ ಹಾಕಿಸಿದ್ದೆ. ಮುಂದೆ ಕೂತವರಿಗೆ ತಲೆನೋವು, ಗಲಾಟೆ ಬೇಡವೆಂದು ಹಾಗೆ ಮಾಡಿದೆ — ಹೀಗೆ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಯಾರಿಗೂ ತಲೆನೋವಿರಲಿಲ್ಲ. ಬುತ್ತಿ ಕಟ್ಟಲು ಬೇಗ ಎದ್ದಿದ್ದೆ, ನನಗೆ ನಿದ್ದೆ ಬೇಕಿತ್ತು. ಅಷ್ಟೆ.

ವ್ಯಾನು ರಸ್ತೆಗೆ ಬಂದ ಕೂಡಲೇ ನೀನು ಸೆರಗು ಎಳೆದೆ. ನಾನು ಕಣ್ಣು ತೆರೆಯಲಿಲ್ಲ. ಮತ್ತೆ ಎಳೆದೆ, ಈ ಸಲ ಜೋರಾಗಿ, ಗಂಟಿನ ಹತ್ತಿರವೇ ಹಿಡಿದು. ಒಂದು ಕಣ್ಣು ತೆರೆದು ನಿನ್ನ ತುಟಿಯ ಮೇಲೆ ಬೆರಳಿಟ್ಟೆ. "ಇನ್ನೂ ಊರು ಬಂದಿಲ್ಲ. ಬಳೆ ಬೇಡ್ವಾ?" ಎಂದೆ.

ಇಲ್ಲಿಯವರೆಗೆ ನೆನಪು ಸ್ಪಷ್ಟವಾಗಿದೆ. ಆಮೇಲಿನದೇ ಗೋಜಲು. ನೀನು ಗಾಜಿನ ಕಡೆ ಬೆರಳು ಮಾಡಿ ತೋರಿಸಿದೆಯಾ? ಒಮ್ಮೊಮ್ಮೆ ತೋರಿಸಿದಂತೆ ಅನ್ನಿಸುತ್ತದೆ, ನಾನು ನೋಡಿಯೂ ನೋಡದಂತೆ ಕಣ್ಣು ಮುಚ್ಚಿದಂತೆ. ಒಮ್ಮೊಮ್ಮೆ ಇಲ್ಲ, ನೀನು ತಲೆತಗ್ಗಿಸಿ ಕೈಕಟ್ಟಿ ಕೂತೆ, ಅಷ್ಟೇ ಎನ್ನಿಸುತ್ತದೆ. ಯಾವುದು ನಡೆದದ್ದು, ಯಾವುದು ನಾನು ಆಮೇಲೆ ಸೇರಿಸಿಕೊಂಡದ್ದು — ಎಷ್ಟು ಸಲ ತಿರುವಿಹಾಕಿದರೂ ತಿಳಿಯುತ್ತಿಲ್ಲ. ಒಂದು ಮಾತ್ರ ಗೊತ್ತು. ಸೆರಗು ಎಳೆದರೆ ಸೋಲು ಎಂಬುದು ನಿನಗೆ ಗೊತ್ತಿತ್ತು. ನೀನು ಬಳೆ ಬಿಟ್ಟು ಸೋಲಲು ಬಂದಿದ್ದೆ. ಸೋಲುವುದಕ್ಕೂ ನಾನು ಬಿಡಲಿಲ್ಲ.

ಹಾಸನದಲ್ಲಿ ಎರಡೂ ಗಾಡಿ ನಿಂತಾಗ ವಿಷಯ ಹೊರಬಿತ್ತು. ಎಲ್ಲರೂ ವಾಪಸು ಓಡಿದೆವು. ಅಪ್ಪನ ಕೈಯಲ್ಲಿ ಫೋನಿಲ್ಲ, ನಂಬರುಗಳ ಪುಸ್ತಕ ವ್ಯಾನಿನಲ್ಲಿದ್ದ ಕೋಟಿನ ಜೇಬಿನಲ್ಲಿ. ದಿನವೂ ಲಾಲ್‌ಬಾಗಿನಲ್ಲಿ ಎರಡು ಸುತ್ತು ಹಾಕುತ್ತಿದ್ದ ಮನುಷ್ಯ — ಅಲ್ಲೇ ಕೂತು ಕಾಯದೆ ನಮ್ಮ ಹಿಂದೆಯೇ ನಡೆದುಕೊಂಡು ಹೊರಟಿದ್ದರು. ಬಿಸಿಲಿಗೆ ತಲೆಸುತ್ತು ಬಂದು ರಸ್ತೆಯಂಚಿನ ಚರಂಡಿಗೆ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿತ್ತು.

ಆಸ್ಪತ್ರೆಯ ವರಾಂಡದಲ್ಲಿ ಅಣ್ಣ ಒಬ್ಬೊಬ್ಬರನ್ನೂ ಕೇಳುತ್ತಿದ್ದ: ಹೊರಡುವಾಗ ಅಪ್ಪನನ್ನು ಯಾರೂ ನೋಡಲಿಲ್ಲವೇ? ಆಗ ನೀನು ಮುಂದೆ ಬಂದೆ. ಯಾರೂ ಕರೆದಿರಲಿಲ್ಲ, ನೀನಾಗಿ ಬಂದೆ.

"ನಾನು ನೋಡ್ದೆ ಅಪ್ಪ. ತಾತ ಟವೆಲ್ ಬೀಸ್ತಿದ್ರು."

"ನೋಡಿದ್ಯಾ? ಮತ್ತೆ ಬಾಯಿ ಬಿಡೋಕೆ ಏನಾಗಿತ್ತು ನಿಂಗೆ?"

"ಬೀಗದ ಕೈ ಅತ್ತೆ ಹತ್ರ ಇತ್ತು."

ಎಲ್ಲರೂ ನನ್ನ ಕಡೆ ತಿರುಗಿದರು. ಅಣ್ಣ, ಅತ್ತಿಗೆ, ವ್ಯಾನಿನ ಡ್ರೈವರು ಕೂಡ. ಆ ಕ್ಷಣದಲ್ಲಿ ನಾನು ಏನು ಯೋಚಿಸಿದೆ ಎಂದು ಹುಡುಕುತ್ತೇನೆ, ಏನೂ ಸಿಗುವುದಿಲ್ಲ. ಯೋಚಿಸಲೇ ಇಲ್ಲವೇನೋ. ಮಾತು ತಾನಾಗಿ ಬಂತು, ಟೀಚರಿನ ಮೆತ್ತನೆಯ ದನಿಯಲ್ಲಿ:

"ಯಾವ ಬೀಗದ ಕೈ ಪುಟ್ಟಿ?"

ಅಣ್ಣ ನಿನ್ನ ಕೆನ್ನೆಗೆ ಹೊಡೆದ. "ಸುಳ್ಳು ಬೇರೆ ಹೇಳ್ತೀಯಾ" ಎಂದ. ನೀನು ಅಳಲಿಲ್ಲ. ಅವನನ್ನೂ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ನನ್ನ ಸೊಂಟದ ಕಡೆ ನೋಡಿದೆ. ಅಲ್ಲಿ ಸೆರಗಿನ ಗಂಟು ಹಾಗೆಯೇ ಇತ್ತು, ಬಿಚ್ಚುವುದನ್ನೇ ಮರೆತಿದ್ದೆ. ನಾನು ಚಳಿಯಾದವಳಂತೆ ಸೆರಗು ಹೊದ್ದು, ಆ ತುದಿಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೆ.

ನಾಳೆ ಹೇಳೋಣ ಎಂದುಕೊಂಡೆ. ಆಮೇಲೆ ಅಪ್ಪ ಮನೆಗೆ ಬಂದ ಮೇಲೆ, ಆಮೇಲೆ ಅವರು ಎದ್ದು ಓಡಾಡುವಂತಾದ ಮೇಲೆ. ಅವರು ಓಡಾಡಲಿಲ್ಲ. ಎರಡು ವರ್ಷ ನಡುಮನೆಯ ಮಂಚದ ಮೇಲಿದ್ದು ತೀರಿಕೊಂಡರು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ನನ್ನನ್ನು ಕೇಳಿದರು: "ಮಗು ನನ್ನ ನೋಡ್ತು ಕಣಮ್ಮ. ಟವೆಲ್ ಬೀಸ್ದೆ. ಅದು ಕೈಕಟ್ಕೊಂಡು ನೋಡ್ತಾನೇ ಹೋಯ್ತು. ಯಾಕಿರಬಹುದು?" ಕೋಪವಿರಲಿಲ್ಲ, ಬರೀ ಆಶ್ಚರ್ಯ. ನನಗೇನು ಗೊತ್ತಪ್ಪ ಎಂದು ಚಮಚ ಬಾಯಿಗಿಟ್ಟೆ. ಅಂದರೆ ನಾನು ಸುಳ್ಳು ಹೇಳಿದ್ದು ಒಂದು ಸಲವಲ್ಲ.

ಸಿಂಧು ಒಳಗೇ ಇಟ್ಟುಕೊಳ್ಳುವ ಹುಡುಗಿ ಎಂದು ಮನೆಯಲ್ಲಿ ಮಾತಾಯಿತು. ಏನಾದರೂ ಕಳೆದರೆ "ಸಿಂಧು ನೋಡಿರ್ತಾಳೆ, ಹೇಳಲ್ಲ ಅಷ್ಟೆ" ಎಂದು ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಆಮೇಲೆ ನೀನು ತಲೆ ಎಣಿಸತೊಡಗಿದೆ. ಎಲ್ಲಿಗೆ ಹೊರಟರೂ, ಎಲ್ಲಿ ಇಳಿದರೂ ಹತ್ತಿದರೂ, ಬೆರಳು ಮಾಡಿ ಗಟ್ಟಿಯಾಗಿ ಎಣಿಕೆ. ಹಾಜರಿ ಟೀಚರ್ ಎಂದು ಎಲ್ಲರೂ ಗೇಲಿ ಮಾಡುತ್ತಾರೆ. ಹೋದ ತಿಂಗಳು ಮದುವೆ ಜವಳಿಗೆಂದು ಚಿಕ್ಕಪೇಟೆಗೆ ಹೋಗಿ ವಾಪಸು ಬರುವಾಗ ಮೆಟ್ರೋ ಪ್ಲಾಟ್‌ಫಾರ್ಮಿನಲ್ಲಿ ನಮ್ಮನ್ನೆಲ್ಲ ಎಣಿಸಿದೆ. ಹನ್ನೊಂದು ಬರಬೇಕು, ಹತ್ತೇ ಬಂತು. ನಾನು ಕಂಬದ ಮರೆಯಲ್ಲಿದ್ದೆ. ನಿನ್ನ ಮುಖದಲ್ಲಿ ರಕ್ತವೇ ಇರಲಿಲ್ಲ. ನನ್ನನ್ನು ಕಂಡೊಡನೆ ಕೈಹಿಡಿದುಕೊಂಡವಳು ಮನೆಯ ಬಾಗಿಲವರೆಗೂ ಬಿಡಲಿಲ್ಲ. "ಯಾಕೋ ಗೊತ್ತಿಲ್ಲ ಅತ್ತೆ, ಭಯ ಆಗ್ಬಿಡುತ್ತೆ. ತಾತನ್ನ ನೋಡಿದ್ರೂ ಯಾಕೆ ಸುಮ್ನಿದ್ದೆ ಅಂತ ನಂಗೇ ಇವತ್ತಿಗೂ ಅರ್ಥ ಆಗಿಲ್ಲ" ಎಂದೆ.

ಆಗಲೂ ನಾನು ಬಾಯಿ ಬಿಡಲಿಲ್ಲ.

ಅವತ್ತಿನಿಂದ ನನಗೆ ದಿಕ್ಕು ತೋಚುತ್ತಿಲ್ಲ. ನಿನಗೆ ಆಟ ಮರೆತಿರಬೇಕು, ತಪ್ಪು ಮಾತ್ರ ಉಳಿದಿದೆ. ಎಂಟು ವರ್ಷದ ಮಗುವಿಗೆ ದೊಡ್ಡವರೊಬ್ಬರು ಯಾವ ಬೀಗದ ಕೈ ಎಂದು ಕೇಳಿದರೆ, ಅದು ಇರಲೇ ಇಲ್ಲವೇನೋ ಎಂದು ಮಗು ನಂಬುತ್ತದೆ — ಹೀಗೇ ಆಯಿತೇ? ಹಾಗಾದರೆ ಈಗ ಹೇಳಿದರೆ ನಿನ್ನ ಭಾರ ಇಳಿಯುತ್ತದೆಯೋ, ಅಥವಾ ನನ್ನ ಭಾರವನ್ನು ಇಳಿಸಿಕೊಂಡು ನಿನ್ನ ಅತ್ತೆಯನ್ನು ನಿನ್ನಿಂದ ಕಸಿಯುತ್ತೇನೋ? ಎರಡೂ ಸರಿ ಎನ್ನಿಸುತ್ತದೆ, ಎರಡೂ ತಪ್ಪು ಎನ್ನಿಸುತ್ತದೆ. ನಿನಗೊಬ್ಬಳಿಗೇ ಗುಟ್ಟಾಗಿ ಹೇಳಿಬಿಡೋಣ ಎಂದುಕೊಂಡೆ. ಗುಟ್ಟು ಎಂಬ ಮಾತು ಬಂದ ಕೂಡಲೇ ಅಮ್ಮನಿಗೆ ಹೇಳಬಾರದು ಎಂಬ ನಮ್ಮ ನಿಯಮ ನೆನಪಾಯಿತು. ಇನ್ನು ಗುಟ್ಟು ಬೇಡ. ನಿನ್ನನ್ನು ಎಲ್ಲರ ಮುಂದೆ ಸುಳ್ಳುಗಾತಿ ಮಾಡಿದೆ. ನಿಜವನ್ನೂ ಎಲ್ಲರ ಮುಂದೆಯೇ ಹೇಳಬೇಕು, ನಿನಗೆ ಹೊಡೆದ ನಿನ್ನಪ್ಪ ಎದುರಿಗಿರುವಾಗ.

ಭಾನುವಾರ ಬೆಳಿಗ್ಗೆ ವ್ಯಾನು ಚಾಮರಾಜಪೇಟೆಯ ನಮ್ಮ ಮನೆಯ ಮುಂದೆ ನಿಲ್ಲುತ್ತದೆ. ಎಲ್ಲರೂ ಹತ್ತಿ ಕೂತ ಮೇಲೆ ನೀನು ಎಂದಿನಂತೆ ಎಣಿಸಲು ಎದ್ದು ನಿಲ್ಲುತ್ತೀಯ. ಎಣಿಕೆ ಶುರುವಾಗುವ ಮೊದಲು ನಾನು ಬಾಗಿಲಲ್ಲಿ ನಿಂತು ಈ ಹಾಳೆಗಳನ್ನು ಓದುತ್ತೇನೆ. ಅಣ್ಣ, ಅತ್ತಿಗೆ, ನಿನ್ನ ತಮ್ಮ, ಎಲ್ಲರೂ ಕೇಳಲಿ. ಇಳಾಗೂ ಕೇಳಿಸಲಿ, ಅರ್ಥವಾದಷ್ಟು ಆಗಲಿ.

ಕ್ಷಮಿಸು ಎಂದು ಎರಡು ಸಲ ಬರೆದೆ, ಎರಡು ಸಲವೂ ಹೊಡೆದುಹಾಕಿದೆ. ಕ್ಷಮೆ ಬೇಡುವುದೂ ನಿನಗೊಂದು ಕೆಲಸ ಹಚ್ಚಿದಂತೆಯೇ. ಓದಿ ಮುಗಿಸಿದ ಮೇಲೆ ಹತ್ತಿ ಬನ್ನಿ ಎಂದು ನೀನು ಹೇಳಿದರೆ ಕೊನೆಯ ಸೀಟಿಗೆ ಹೋಗಿ ಇಳಾಳ ಪಕ್ಕ ಕೂರುತ್ತೇನೆ. ಆರು ಗಂಟೆಯೂ ಅವಳು ಮಾತಾಡಲಿ, ನಾನು ಕೇಳುತ್ತೇನೆ. ಹೇಳಬೇಕೆನಿಸದಿದ್ದರೆ ಎಣಿಕೆಯಲ್ಲಿ ಒಂದು ಕಡಿಮೆ ಮಾಡಿಕೊಂಡು ಹೊರಡು. ನಾನು ಗೇಟಿನ ಹತ್ತಿರ ನಿಂತಿರುತ್ತೇನೆ.