ಹಗೇವಿಗೆ ಇಳಿಸಿದ ನೆಲ್ಲು

ನನ್ನ ಮೊಮ್ಮಗಳಿಗೆ ಸಿಂಧನೂರಿನ ಅಕ್ಕಿ ಮಿಲ್ಲಿನ ಕೆಲಸ ತಿರುಗಿ ಸಿಕ್ಕಿತು. ಇದನ್ನು ಮೊದಲು ಹೇಳದೆ ಮುಂದಿನದು ಬರೆಯಲು ನನ್ನ ಕೈ ಓಡುವುದಿಲ್ಲ. ಅವಳೊಬ್ಬಳಿಗಲ್ಲ, ಅಕ್ಕಿ ಹಸನು ಮಾಡುವ ಆರೂ ಹೆಣ್ಣುಮಕ್ಕಳಿಗೆ ಸಿಕ್ಕಿತು. ಆ ಮಾತು ಕಿವಿಗೆ ಬಿದ್ದಾಗ ಮಿಲ್ಲಿನ ಅಂಗಳದಲ್ಲಿ ಸುಮ್ಮನೆ ನಿಂತಿದ್ದೆ. ಸಂತೋಷ ಎದೆಯಲ್ಲಿ ಹಿಡಿಸದಷ್ಟಿತ್ತು. ಆದರೆ ಮೈಯೆಲ್ಲ ಜೋಮು ಹಿಡಿದ ಕಾಲಿನಂತಾಗಿ ಏನೂ ತಿಳಿಯುತ್ತಿರಲಿಲ್ಲ.

ಕಾಲುವೆ ನೀರು ನಮ್ಮ ಹೊಲಕ್ಕೆ ಬಂದು ಆಗ ಎರಡು ವರ್ಷ. ಅದಕ್ಕೂ ಮೊದಲು ನಮ್ಮದು ಜೋಳದ ಸೀಮೆ. ಜೋಳವನ್ನು ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಕಣಜದಲ್ಲಿ, ಇಡುತ್ತಿದ್ದೆವು. ತಳಕ್ಕೆ ಹೊಟ್ಟು ಹಾಸಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಹಗೇವು ತೋಡಲು ಸುತ್ತಿನ ಊರವರು ನನ್ನನ್ನೇ ಕರೆಯುತ್ತಿದ್ದರು. ಸಾಲಿಯಲ್ಲಿ ಕಲಿತದ್ದು ಅಕ್ಷರ ಕೂಡಿಸುವಷ್ಟು. ನನಗೆ ಬರುತ್ತಿದ್ದ ವಿದ್ಯೆ ಇದೊಂದೇ.

ನೀರು ಬಂದ ಮೇಲೆ ಜೋಳ ಬಿಟ್ಟು ಭತ್ತ ಹಚ್ಚಿದೆವು, ಆ ವರ್ಷ ನೆಲ್ಲು ಜಾಸ್ತಿ ಬಂತು. ಹಗೇವಿಗೆ ಇಳಿಸು ಅಂದೆ. ಮಗ ಅನುಮಾನಿಸಿದ.

"ಯಪ್ಪಾ, ಪಕ್ಕದಾಗ ಕಾಲುವಿ ಹರಿಯಾಕತ್ತೈತಿ."

"ಹರೀಲಿ ಬಿಡಲೇ. ನೀ ಹುಟ್ಟೂಕಿಂತ ಮದಲ ಹಗೇವು ತೋಡೀನಿ ನಾ. ಹೊಟ್ಟು ತಗೊಂಡು ಬಾ."

ಮೂರು ತಿಂಗಳಿಗೆ ಬಾಯಿ ತೆಗೆದಾಗ ನೆಲ್ಲು ಕೈಗೆ ಬೆಚ್ಚಗೆ ಹತ್ತಿತು. ನೆಲದೊಳಗಿಂದ ತೇವ ಏರಿತ್ತು. ಬಿಸಿಲಿಗೆ ಹರವಿದೆವು. ಮುಗ್ಗಲು ವಾಸನೆ ಹೋಯಿತೆಂದು ನನಗೆ ನಾನೇ ಹೇಳಿಕೊಂಡೆ, ಮಿಲ್ಲಿಗೆ ಮಾರಿದೆವು.

ಆ ಅಕ್ಕಿ ಮಸ್ಕಿಯ ಅಂಗಡಿಗೆ ಹೋಗಿ, ಎಂಟು ದಿನಕ್ಕೆ ಚೀಲಗಳು ತಿರುಗಿ ಬಂದವು. ಉಂಡವರಿಗೆ ಹೊಟ್ಟೆ ಕೆಟ್ಟಿತ್ತು. ಮಿಲ್ಲಿನ ಸಾವ್ಕಾರರು ಹಸನು ಮಾಡುವವರನ್ನೆಲ್ಲ ಕೆಲಸ ಬಿಡಿಸಿದರು. ಕೆಟ್ಟದ್ದನ್ನು ಆರಿಸದೆ ಬಿಟ್ಟದ್ದು ಅವರ ತಪ್ಪಂತೆ. ಗಂಡನ ಮನೆಯಿಂದ ತಿರುಗಿ ಬಂದಿದ್ದ ಮೊಮ್ಮಗಳು ಆ ಕೆಲಸ ಹಿಡಿದ ಮೇಲೆಯೇ ಓಣಿಯಲ್ಲಿ ತಲೆಯೆತ್ತಿ ನಡೆದಿದ್ದಳು. ನೆಲ್ಲು ಯಾರದೆಂದು ಅವಳಿಗೆ ಗೊತ್ತಿತ್ತು. ಮಿಲ್ಲಿನಲ್ಲಿ ಬಾಯಿ ಬಿಟ್ಟಿರಲಿಲ್ಲ. ಮನೆಯಲ್ಲಿಯೂ ನನ್ನನ್ನು ಒಂದು ಮಾತು ಅನ್ನಲಿಲ್ಲ.

ಎರಡು ದಿನ ಕಲ್ಲಿನಂತೆ ಕುಂತಿದ್ದೆ. ಮೂರನೆಯ ದಿನ ಅವಳನ್ನು ಕರೆದುಕೊಂಡು ಮಿಲ್ಲಿಗೆ ಹೋದೆ. ಕೆಲಸ ಹೋದ ಹೆಣ್ಣುಮಕ್ಕಳು ಅಂಗಳದಲ್ಲೇ ಕುಂತಿದ್ದರು. ಮಸ್ಕಿಯ ಅಂಗಡಿಯವನೂ ಜಗಳಕ್ಕೆ ಬಂದಿದ್ದ.

"ಸಾವ್ಕಾರ್ರ, ಆ ನೆಲ್ಲು ನಂದು ರೀ. ಹಗೇವಿಗೆ ಹಾಕು ಅಂದಾವ ನಾನ," ಅಂದೆ.

"ಜ್ವಾಳ ತಿನ್ನಾವ್ರ ಕೈಯಾಗ ನೆಲ್ಲು ಕೊಟ್ರ ಹಿಂಗ ನೋಡು," ಅಂದರು ಸಾವ್ಕಾರರು.

ಹೆಣ್ಣುಮಕ್ಕಳಲ್ಲಿ ಹಿರಿಯಳು ಎದ್ದಳು. "ಮುದುಕ ಕೆಡಿಸಿದ್ದು ಖರೇ ಐತಿ ರೀ. ನಮಗೂ ವಾಸನಿ ಬಂದಿತ್ತು. ಚಲೋ ಅಕ್ಯಾಗ ಕೂಡಿಸ್ರಿ ಅಂದ ನಿಮ್ಮ ಗುಮಾಸ್ತ. ನಾವು ಬಾಯಿ ಮುಚ್ಚಿಕೊಂಡು ಕೂಡಿಸಿದ್ವಿ."

ಅಂಗಡಿಯವನ ಸಿಟ್ಟು ಇಳಿಯಿತು. "ನಾನೂ ಚೀಲ ಬಿಚ್ಚಿ ನೋಡಲಿಲ್ಲ ಬಿಡ್ರಿ. ಅಗ್ಗ ಕೊಡು ಅಂತ ಗಿರಾಕಿ ನನ್ನ ಕಾಡ್ತಾರ, ನಾ ನಿಮ್ಮನ್ನ ಕಾಡ್ತೀನಿ."

ಕಡೆಗೆ ಎಲ್ಲರೂ ಕೂಡಿ ಒಂದು ಮಾತಿಗೆ ಬಂದೆವು. ಕೆಟ್ಟ ಅಕ್ಕಿಯನ್ನು ನಮ್ಮ ಗಾಡಿಯಲ್ಲಿ ಒಯ್ದು ತಿಪ್ಪೆಗೆ ಸುರಿಯುವುದು ನನ್ನ ಪಾಲು. ಮುಂದಿನ ಬೆಳೆಯಲ್ಲಿ ಅಷ್ಟು ನೆಲ್ಲು ತುಂಬಿಕೊಡುವುದೂ ನನ್ನದೇ. ಅಂಗಡಿಯಿಂದ ಕೊಂಡು ಒಯ್ದಿದ್ದವರಿಗೆ ಬೇರೆ ಅಕ್ಕಿ ಕೊಡುವುದು ಮಿಲ್ಲಿನದು. ಚೀಲ ಬಿಚ್ಚಿ ತೋರಿಸದೆ ಮಾರದಿರುವುದು ಅಂಗಡಿಯವನದು.

"ನಾಳಿಂದ ಬರ್ರಿ," ಅಂದರು ಸಾವ್ಕಾರರು ಹೆಣ್ಣುಮಕ್ಕಳ ಕಡೆ ತಿರುಗಿ. "ವಾಸನಿ ಬಂದ್ರ ಚೀಲ ಹೊಲಿಬ್ಯಾಡ್ರಿ. ಗುಮಾಸ್ತ ಏನರ ಅಂದ್ರ ನನ್ನ ಕರೀರಿ."

"ತಾತ, ಹಂಗ್ಯಾಕ ನಿಂತಿ? ನಡಿ ಮನಿಗೆ," ಅಂದಳು ಮೊಮ್ಮಗಳು.

ಸಂಜೆ ಎಲ್ಲರೂ ಒಟ್ಟಿಗೆ ಉಣ್ಣಲು ಕುಂತೆವು. ಮಗ ನನ್ನ ತಾಟಿಗೆ ಪುಂಡಿಪಲ್ಯ ಹಾಕಿದ. ಎಷ್ಟು ರೊಟ್ಟಿ ತಿಂದೆನೋ, ರುಚಿ ಹೇಗಿತ್ತೋ ತಿಳಿಯಲಿಲ್ಲ. ನಾಳೆ ನಸುಕಿನಲ್ಲೇ ಏಳಬೇಕು ಅನ್ನುತ್ತ ಮೊಮ್ಮಗಳೂ ತಾಟು ಹಿಡಿದು ನನ್ನ ಮಗ್ಗುಲಿಗೆ ಕುಂತಳು.